ಸಮುದ್ರರಾಜನ ಮಗಳು ಬಿಟ್ಟುಹೋದದ್ದು

ಅವ್ವ ನನ್ನನ್ನು ಬಿಟ್ಟು ಹೋದಾಗ ನನಗೆ ಎರಡೂವರೆ ವರ್ಷ. ಈಗ ಐವತ್ತು ತುಂಬಿದೆ. ನಡುವಿನ ಇಷ್ಟೂ ವರ್ಷ ಆ ಮಾತನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಆಡಿದವನಲ್ಲ. ಹೆಂಡತಿಗೆ ಗೊತ್ತಿತ್ತು, ಆದರೆ ಅದು ನೆಂಟರಿಷ್ಟರು ಹೇಳಿ ಗೊತ್ತಾದದ್ದು. ನಾನಾಗಿ ಮೊದಲ ಸಲ ಹೇಳಿಕೊಂಡದ್ದು ಜಪಾನಿನ ದಕ್ಷಿಣಕ್ಕಿರುವ ಮಿಯಜಾಕಿ ಎಂಬ ಸಮುದ್ರದಂಡೆಯ ಸೀಮೆಯಲ್ಲಿ, ಒಂದು ಮಾವಿನ ತೋಟದೊಳಗೆ, ನಮ್ಮ ಮೇಷ್ಟ್ರ ಮುಂದೆ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಬಿಡದಿಯ ಕಾರು ಕಾರ್ಖಾನೆಯಲ್ಲಿ ನಾನು ಬಣ್ಣದ ವಿಭಾಗಕ್ಕೆ ಸೇರಿದ ಹೊಸದರಲ್ಲಿ ನಮಗೆ ಕೆಲಸ ಕಲಿಸಲು ಜಪಾನಿನಿಂದ ಬಂದವರು. ಬಣ್ಣ ಹೊಡೆದು ಒಣಗಿದ ಕಾರಿನ ಬಾಗಿಲ ಮೇಲೆ ಅಂಗೈ ಆಡಿಸಿ, ಕಣ್ಣಿಗೆ ಕಾಣದ ಉಬ್ಬು ತಗ್ಗುಗಳನ್ನು ಹುಡುಕುವುದನ್ನು ಅವರು ಹೇಳಿಕೊಟ್ಟರು. ಪ್ರತಿಯಾಗಿ ನಾವು ಅವರಿಗೆ ಕನ್ನಡ ಹೇಳಿಕೊಟ್ಟೆವು. ನಾವು ಆಡುತ್ತಿದ್ದುದೇ ಅವರ ಕಿವಿಗೆ ಬಿದ್ದದ್ದು, ಹಾಗಾಗಿ ಬಹುವಚನ ಅನ್ನುವುದು ಒಂದಿದೆ ಅಂತಲೇ ಅವರಿಗೆ ತಿಳಿಯಲಿಲ್ಲ. ದೊಡ್ಡ ಸಾಹೇಬರು ಎದುರಾದರೂ ಸೊಂಟ ಬಗ್ಗಿಸಿ ನಮಸ್ಕರಿಸಿ, “ಏನ್ಲಾ, ಊಟ ಆಯ್ತಾ?” ಅನ್ನುತ್ತಿದ್ದರು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವೇ ಹೊರತು ಯಾರೂ ತಿದ್ದಲಿಲ್ಲ.

ಭಾನುವಾರ ಬೆಳಿಗ್ಗೆ ಅವರನ್ನು ತಟ್ಟೆ ಇಡ್ಲಿ ತಿನ್ನಿಸಲು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ನಾಲ್ಕು ವರ್ಷ ಒಬ್ಬರೇ ಇದ್ದರು. ಇಡ್ಲಿ ತಿಂದು ಹೊರಗೆ ಬಿಸಿಲಿಗೆ ನಿಂತು, ಕಣ್ಣು ಮುಚ್ಚಿ ಮುಖ ಮೇಲೆತ್ತಿ, “ನಮ್ ಊರ್ ಬಿಸ್ಲು ಇಂಗೇ ಐತೆ. ಆದ್ರೆ ಸಮುದ್ರನೂ ಐತೆ” ಅನ್ನುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡುತ್ತಿರಲಿಲ್ಲ. ಊರಿನ ನೆನಪು ಬಂದವರ ಮೌನ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನನ್ನನ್ನು ಸಾಕಿದ ಚಿಕ್ಕವ್ವ ಹಾಗೆ ಸುಮ್ಮನಾಗುವುದನ್ನು ನೋಡಿಕೊಂಡೇ ನಾನು ಬೆಳೆದದ್ದು.

ಹೊರಡುವ ದಿನ ಮೇಷ್ಟ್ರು ನನ್ನ ಕೈ ಹಿಡಿದು, “ನಮ್ ಊರ್ಗೆ ಬಾರ್ಲಾ” ಅಂದರು. ಬರುತ್ತೇನೆ ಅಂದೆ. ಬಾಯಿಮಾತಿಗೆ ಅಂದದ್ದು. ಆದರೆ ಹಲವು ವರ್ಷಗಳ ನಂತರ, ಕಳೆದ ಮೇ ತಿಂಗಳಲ್ಲಿ, ಕಾರ್ಖಾನೆಯವರು ನನ್ನನ್ನು ಮೂರು ವಾರದ ತರಬೇತಿಗೆ ಜಪಾನಿಗೆ ಕಳಿಸಿದರು. ಕೊನೆಗೆ ಮೂರು ದಿನ ರಜೆ ಇತ್ತು. ಜೊತೆಗೆ ಬಂದಿದ್ದವರು ದೊಡ್ಡ ಊರುಗಳನ್ನು ನೋಡಲು ಹೋದರು. ನಾನು ಮೇಷ್ಟ್ರಿಗೆ ಫೋನು ಮಾಡಿ ದಕ್ಷಿಣದ ವಿಮಾನ ಹತ್ತಿದೆ.

ನಿಲ್ದಾಣದ ಬಾಗಿಲಿಂದ ಹೊರಗೆ ಕಾಲಿಟ್ಟರೆ ನಮ್ಮ ರಾಮನಗರದ್ದೇ ಬಿಸಿಲು. ರಸ್ತೆಯುದ್ದಕ್ಕೂ ಖರ್ಜೂರದಂಥ ಎತ್ತರದ ಮರಗಳು, ಅವುಗಳ ನಡುವೆ ಬೆಳ್ಳಗೆ ಹೊಳೆಯುವ ಸಮುದ್ರ. ಒಂದು ಪುಟ್ಟ ಬಿಳಿ ಲಾರಿಯ ಪಕ್ಕದಲ್ಲಿ ಬೆನ್ನು ಬಾಗಿದ ಮುದುಕರೊಬ್ಬರು ನಿಂತಿದ್ದರು. ನನ್ನನ್ನು ನೋಡಿದ್ದೇ ಟೋಪಿ ತೆಗೆದು ಬೀಸಿದರು.

“ಬಂದ್ಬುಟ್ಟ! ನಿಜ್ವಾಗ್ಲೂ ಬಂದ್ಬುಟ್ಟ!”

ಬಂದ್ಬುಟ್ಟೆ ಎನ್ನಬೇಕಾದಲ್ಲಿ ಬಂದ್ಬುಟ್ಟ ಎಂದಿದ್ದರು, ಆದರೂ ನಾನು ಓಡಿಹೋಗಿ ಅವರ ಕೈ ಹಿಡಿದೆ. ಅಷ್ಟು ದೂರದಲ್ಲಿ, ಎಪ್ಪತ್ತು ದಾಟಿದ ಜಪಾನಿನವರ ಬಾಯಲ್ಲಿ ನಮ್ಮ ಬಿಡದಿಯ ಮಾತು.

ಕೆಲಸ ಬಿಟ್ಟ ಮೇಲೆ ಮೇಷ್ಟ್ರು ಊರಿನಲ್ಲಿ ಮಾವು ಬೆಳೆಯುತ್ತಿದ್ದರು. ಅಲ್ಲಿ ಅದು ಬಲು ಹೆಸರಾದ ಬೆಳೆಯಂತೆ. ಗಾಜಿನ ಹಾಗೆ ತಿಳಿಯಾದ ಪ್ಲಾಸ್ಟಿಕ್ಕಿನ ಮನೆಯೊಳಗೆ ಆಳೆತ್ತರದ ಮರಗಳು, ಒಂದೊಂದು ಹಣ್ಣಿಗೂ ಒಂದೊಂದು ಬಲೆಯ ಚೀಲ ಕಟ್ಟಿ ಮೇಲಿನ ತಂತಿಗೆ ತೂಗುಹಾಕಿದ್ದರು. ನಮ್ಮ ಕಡೆ ಕಾಯನ್ನೇ ದೋಟಿಯಲ್ಲಿ ಕಿತ್ತು ಹುಲ್ಲಿನೊಳಗೆ ಹಣ್ಣಾಗಲು ಇಡುತ್ತೇವೆ ಎಂದೆ. ಮೇಷ್ಟ್ರು ತಲೆಯಾಡಿಸಿದರು.

“ಇಲ್ಲಿ ಕೀಳಾಕಿಲ್ಲ. ಹಣ್ಣೇ ಬೀಳ್ತದೆ, ಚೀಲಕ್ಕೆ. ಅಲ್ಲಿಗಂಟ ಕಾಯ್ಬೇಕು.”

ಅವರು ಬಿದ್ದಿದ್ದ ಹಣ್ಣುಗಳನ್ನು ಚೀಲದಿಂದ ಬಿಡಿಸಿ ಬಿಡಿಸಿ ನನ್ನ ಕೈಗೆ ಕೊಡುತ್ತ, ಬಿಡದಿಯಲ್ಲಿ ಪ್ರತಿ ಭಾನುವಾರ ಕೇಳುತ್ತಿದ್ದ ಹಾಗೇ ಕೇಳಿದರು. “ಅವ್ವ ಚೆನ್ನಾಗವ್ಳಾ?”

ಬಿಡದಿಯಲ್ಲಾಗಿದ್ದರೆ ಚಿಕ್ಕವ್ವನನ್ನು ಮನಸ್ಸಿನಲ್ಲಿಟ್ಟುಕೊಂಡು ಚೆನ್ನಾಗವ್ರೆ ಅಂದುಬಿಡುತ್ತಿದ್ದೆ. ಆ ದಿನ ಏಕೋ, “ಯಾವ ಅವ್ವ?” ಎಂದು ಬಾಯಿಗೆ ಬಂತು.

ಮೇಷ್ಟ್ರು ತಿರುಗಿ ನೋಡಿದರು. “ಎಷ್ಟ್ ಅವ್ವ ಐತೆ ನಿಂಗೆ?”

ಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟು ಹೇಳಿದೆ. ಅರ್ಧ ಕನ್ನಡ, ಅರ್ಧ ನನಗೆ ಬರುವ ಹರಕು ಜಪಾನಿ.

ನಮ್ಮದು ಕನಕಪುರ ತಾಲ್ಲೂಕಿನ ಕಬ್ಬಾಳಿನ ಹತ್ತಿರದ ಹಳ್ಳಿ. ಅಪ್ಪ ಕಾಮಾಲೆಯಾಗಿ ಸತ್ತಾಗ ಅವ್ವನಿಗೆ ಇಪ್ಪತ್ತೆರಡು. ನನ್ನನ್ನು ಎತ್ತಿಕೊಂಡು ತವರಿಗೆ ಬಂದಳು. ವರ್ಷ ಕಳೆಯುವುದರೊಳಗೆ ಅಜ್ಜ ಮಾಗಡಿ ಕಡೆಯ ಒಬ್ಬರಿಗೆ ಅವಳನ್ನು ಕೂಡಾವಳಿ ಮಾಡಿಕೊಟ್ಟರು. ಗಂಡ ಸತ್ತವಳಿಗೆ ಓಲಗವಿಲ್ಲದೆ, ಚಪ್ಪರವಿಲ್ಲದೆ ಮಾಡುವ ಎರಡನೇ ಮದುವೆ ಅದು. ಆತನಿಗೆ ಮೊದಲ ಹೆಂಡತಿಯ ಮಕ್ಕಳು ಇಬ್ಬರಿದ್ದರು. ಅವರನ್ನು ನೋಡಿಕೊಳ್ಳಲು ಹೆಂಗಸು ಬೇಕಾಗಿತ್ತು, ಆದರೆ ಅವಳ ಜೊತೆಗೆ ಇನ್ನೊಂದು ಮಗು ಬೇಡವಾಗಿತ್ತು. ನನ್ನನ್ನು ಅಜ್ಜಿಯ ಮನೆಯಲ್ಲೇ ಬಿಟ್ಟಳು.

ಸಾಕಿದ್ದು ಚಿಕ್ಕವ್ವ. ಅವ್ವನ ಬೆನ್ನಿಗೆ ಹುಟ್ಟಿದ ತಂಗಿ, ಆಗ ಅವಳಿಗೆ ಹದಿನೈದು. ಬಂದ ಗಂಡುಗಳಿಗೆಲ್ಲ “ಈ ಕೂಸೂ ನನ್ ಜೊತೇಲಿ ಬತ್ತದೆ” ಎಂದು ಹೇಳಿ ಹೇಳಿ, ಅದಕ್ಕೆ ಒಪ್ಪಿದ ಚನ್ನಪಟ್ಟಣದ ಬೊಂಬೆ ಕೆಲಸದವರನ್ನು ಮದುವೆಯಾಗುವ ಹೊತ್ತಿಗೆ ಅವಳಿಗೆ ಇಪ್ಪತ್ನಾಲ್ಕಾಗಿತ್ತು. ಅವ್ವ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ತಿಳಿವಳಿಕೆ ಬಂದಮೇಲೆ ಅವಳು ಬರುತ್ತಾಳೆಂದು ಗೊತ್ತಾದ ದಿನ ನಾನು ಹಿಪ್ಪುನೇರಳೆ ತೋಟದೊಳಗೆ ಹೋಗಿ ಕೂರುತ್ತಿದ್ದೆ. ಹನ್ನೆರಡು ವರ್ಷದವನಾದಾಗ ಒಂದು ದಿನ ಎದುರಿಗೇ ನಿಂತು, “ನೀನು ಬರಬ್ಯಾಡ” ಅಂದೆ. ಆಮೇಲೆ ಅವಳು ಬರುವುದನ್ನು ನಿಲ್ಲಿಸಿದಳು. ನನ್ನ ಮದುವೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಉಂಡು ಹೋದಳು. ಅಷ್ಟೇ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಸಂಜೆ ಅವರ ಹೆಂಡತಿ ಹಣ್ಣು ಹೆಚ್ಚಿ ತಂದಿಟ್ಟಾಗ ಅವರಿಗೂ ಜಪಾನಿಯಲ್ಲಿ ಹೇಳಿದರು. ಆಕೆ ನನ್ನ ಮುಖ ನೋಡಿ, ಗಂಡನಿಗೆ ಮೆಲ್ಲಗೆ ಏನೋ ಅಂದರು.

“ನಾಳೆ ಒಂದ್ ಗುಡಿ ತೋರ್ಸು ಅಂತಾಳೆ” ಎಂದರು ಮೇಷ್ಟ್ರು.

ಮರುದಿನ ಬೆಳಿಗ್ಗೆ ಸಮುದ್ರದ ಅಂಚಿನ ರಸ್ತೆಯಲ್ಲಿ ಹೊರಟೆವು. ಆ ಸೀಮೆಯಲ್ಲಿ ಎಲ್ಲಿ ನಿಂತರೂ ಒಂದು ದೇವರ ಕಥೆ. ದೇವತೆಗಳು ಆಕಾಶದಿಂದ ಇಳಿದದ್ದು ಅಲ್ಲೇ ಅಂತೆ. ಮೇಷ್ಟ್ರು ದೂರದ ಬೆಟ್ಟದ ಕಡೆ ಕೈ ತೋರಿಸಿ, ಸೂರ್ಯದೇವಿ ಒಮ್ಮೆ ಮುನಿಸಿಕೊಂಡು ಗುಹೆಯೊಳಗೆ ಅಡಗಿ ಕೂತಳು, ಲೋಕವೆಲ್ಲ ಕತ್ತಲಾಯಿತು ಎಂದರು. ಸೂರ್ಯದೇವಿಯಾ ಎಂದು ಕೇಳಿದೆ. “ಹೂಂ. ಇಲ್ಲಿ ಸೂರ್ಯ ಹೆಂಗ್ಸು ಕಣ್ಲಾ. ಅದ್ಕೇ ಕೋಪ ಬಂದ್ರೆ ಒಳ್ಗೋಗ್ತಾಳೆ” ಎಂದು ನಕ್ಕರು. ಕೆಳಗೆ ನೀರು ಇಳಿದ ಕಡೆಯಲ್ಲೆಲ್ಲ ಕಲ್ಲುಗಳು ಗೆರೆ ಗೆರೆಯಾಗಿ, ಅಗಸರ ಒಗೆಯುವ ಕಲ್ಲುಗಳನ್ನು ಸಮುದ್ರದವರೆಗೂ ಸಾಲಾಗಿ ಜೋಡಿಸಿಟ್ಟಂತೆ ಕಾಣುತ್ತಿದ್ದವು.

ಆ ಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ನಮ್ಮಲ್ಲಿ ದೇವರೆಂದರೆ ಬೆಟ್ಟ ಹತ್ತಬೇಕು, ಅಲ್ಲಿ ಸಮುದ್ರದ ಕಡೆಗೆ ಇಳಿಯಬೇಕು. ಬಂಡೆಯ ಹೊಟ್ಟೆಯಲ್ಲಿ ಒಂದು ದೊಡ್ಡ ಗುಹೆ. ಗುಹೆಯೊಳಗೆ ಕೆಂಪು ಬಣ್ಣದ ಮರದ ಗುಡಿ. ಅದರ ಹಿಂದೆ ಒಳಗೋಡೆಯಲ್ಲಿ ಬಂಡೆ ಎರಡು ಕಡೆ ಉಬ್ಬಿಕೊಂಡಿದೆ, ಅಲ್ಲಿಂದ ನೀರು ತೊಟ್ಟಿಕ್ಕುತ್ತದೆ. ಬಸುರಿ ಹೆಂಗಸೊಬ್ಬಳು ಅದನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಕಥೆ ಹೇಳಿದರು.

ಸಮುದ್ರರಾಜನ ಮಗಳು ನೆಲದ ಮೇಲಿನ ರಾಜಕುಮಾರನನ್ನು ಮದುವೆಯಾದಳು. ಹೆರಿಗೆಗೆ ಈ ದಡಕ್ಕೆ ಬಂದಳು. ನೀರುಹಕ್ಕಿಯ ಗರಿಗಳಿಂದ ಗುಡಿಸಲು ಹೊದಿಸುತ್ತಿದ್ದರು, ಅದು ಮುಗಿಯುವ ಮೊದಲೇ ನೋವು ಬಂತು. ಹೆರುವಾಗ ನಾನು ನನ್ನ ಹುಟ್ಟುರೂಪಕ್ಕೆ ತಿರುಗುತ್ತೇನೆ, ನೋಡಬೇಡ ಎಂದು ಗಂಡನಿಗೆ ಹೇಳಿದಳು. ಅವನು ನೋಡಿಬಿಟ್ಟ. ಒಳಗೆ ಕಂಡದ್ದು ಒಂದು ಸಮುದ್ರದ ಪ್ರಾಣಿ. ಅವಳಿಗೆ ಮುಖ ತೋರಿಸಲಾರದಷ್ಟು ಅವಮಾನವಾಯಿತು. ಹೆತ್ತ ಮಗುವನ್ನು ದಡದಲ್ಲೇ ಬಿಟ್ಟು ನೀರಿಗೆ ಹೊರಟುಹೋದಳು.

“ಆದ್ರೆ ಮಗು ಹಾಲ್ ಕುಡೀಬೇಕಲ್ಲ” ಎಂದು ಮೇಷ್ಟ್ರು ತಮ್ಮ ಎದೆಯ ಮೇಲೆ ಎರಡೂ ಕೈ ಇಟ್ಟು, ಆಮೇಲೆ ಬಂಡೆಯ ಕಡೆ ತೋರಿಸಿದರು. “ಇದ್ನ ಇಲ್ಲೇ ಬುಟ್ಟು ಹೋದ್ಲು.”

ನಾನು ಮತ್ತೆ ಬಂಡೆ ನೋಡಿದೆ. ನೀರು ಒಂದೊಂದೇ ಹನಿ ಬೀಳುತ್ತಿತ್ತು.

“ಮಗೂನ ಯಾರು ಸಾಕುದ್ರು?”

“ತಂಗಿ. ಅವ್ಳೇ ತಂಗೀನ ಕಳ್ಸುದ್ಲು.”

ಗುಡಿಯ ಗಂಟೆಯೋ ಯಾರದೋ ಚಪ್ಪಾಳೆಯೋ ಕೇಳಿಸುತ್ತಿತ್ತು, ಅಲ್ಲಿ ದೇವರ ಮುಂದೆ ಚಪ್ಪಾಳೆ ತಟ್ಟುತ್ತಾರೆ. ಅವಳು ತಿರುಗಿ ಬಂದಳಾ ಎಂದು ಕೇಳಿದೆ.

“ಬರ್ಲಿಲ್ಲ. ಕೋಪ ಐತೆ, ಅವಮಾನ ಐತೆ. ಆದ್ರೆ ತಡೆಯಕ್ಕೆ ಆಗಲ್ಲ. ಅದ್ಕೆ ತಂಗಿ ಕೈಲಿ ಒಂದು ಹಾಡು ಕಳ್ಸುದ್ಲು.”

ಹೊರಗೆ, ಗುಹೆಯ ಮುಂದೆ, ಜನ ಸುಟ್ಟ ಮಣ್ಣಿನ ಪುಟ್ಟ ಗೋಲಿಗಳನ್ನು ಕೆಳಗಿನ ಬಂಡೆಯೊಂದರ ಮೇಲಿನ ಕುಳಿಗೆ ಎಸೆಯುತ್ತಿದ್ದರು. ಕುಳಿಯೊಳಗೆ ಬಿದ್ದರೆ ಅಂದುಕೊಂಡದ್ದು ಆಗುತ್ತದಂತೆ. ಹೆಂಗಸರು ಬಲಗೈಯಲ್ಲಿ, ಗಂಡಸರು ಎಡಗೈಯಲ್ಲಿ ಎಸೆಯಬೇಕು. ಮೇಷ್ಟ್ರು ಐದು ಗೋಲಿ ನನ್ನ ಕೈಗೆ ಹಾಕಿದರು. ಏನೆಂದು ಬೇಡಿಕೊಳ್ಳಬೇಕು ಎಂದು ನನಗೆ ತಿಳಿಯಲಿಲ್ಲ. ಐವತ್ತು ವರ್ಷದ ಗಂಡಸು ಅವ್ವ ಬೇಕು ಎಂದು ಬೇಡಿಕೊಳ್ಳುವುದು ಹೇಗೆ? ಸುಮ್ಮನೆ ಎಸೆದೆ. ನಾಲ್ಕು ಸಮುದ್ರಕ್ಕೆ ಹೋದವು. ಒಂದು ಬಂಡೆಗೆ ತಾಗಿ ಪುಡಿಯಾಯಿತು.

ಮೇಷ್ಟ್ರು ಕುಡಿಯಲು ಏನಾದರೂ ತರುತ್ತೇನೆಂದು ಹೋದರು. ನಾನು ಬಿಸಿಲಿನಲ್ಲಿ ಒಂದು ಕಲ್ಲಿನ ಮೇಲೆ ಕೂತು ಚಿಕ್ಕವ್ವನಿಗೆ ವಿಡಿಯೋ ಕರೆ ಮಾಡಿದೆ. ಚನ್ನಪಟ್ಟಣದಲ್ಲಿ ಆಗ ಬೆಳಗಿನ ಹೊತ್ತು. ಅವಳು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

“ಏನ್ ಮಗ, ಉಂಡ್ಯಾ? ಅದೇನ್ ನಿನ್ ಹಿಂದೆ ಅಷ್ಟೊಂದು ನೀರು?”

“ಸಮುದ್ರ. ಚಿಕ್ಕವ್ವ, ಒಂದ್ ಮಾತು ಕೇಳ್ತೀನಿ, ನಿಜ ಹೇಳು. ಅವ್ವ ನಿನ್ ಕೈಲಿ ನಂಗೆ ಏನಾರ ಕಳಿಸ್ತಿದ್ಲಾ?”

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಅಷ್ಟು ವರ್ಷದಲ್ಲಿ ನಾನು ಅವ್ವ ಎಂಬ ಮಾತನ್ನು ಅವಳೆದುರು ಆಡಿದ್ದು ಅದೇ ಮೊದಲು.

“ಯಾರ್ ಹೇಳುದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ.”

“ಹಬ್ಬಕ್ಕೆ ಹಾಕ್ಕತಿದ್ದ ಅಂಗಿ ಎಲ್ಲ ಅವ್ಳ್ದೇ ಕಣೋ. ಹುರಿಹಿಟ್ಟು, ತುಪ್ಪ, ನಿನ್ ಹೈಸ್ಕೂಲು ಬ್ಯಾಗು. ಅವ್ಳು ಕೊಟ್ಳು ಅಂದ್ರೆ ನೀನು ಮುಟ್ತಿರ್ನಿಲ್ಲ. ಅದ್ಕೆ ನೀನೇ ತಂದ್ಕೊಟ್ಟೆ ಅಂತ ಹೇಳು ಅಂದಿದ್ಲು. ಹೇಳ್ದೆ. ನೀನು ನನ್ನೇ ಹೊಗಳ್ತಿದ್ದೆ. ನಂಗೆ ಅನ್ನ ಇಳೀತಿರ್ನಿಲ್ಲ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. ಒಮ್ಮೆ ಬಾಗಿಲು ತೆರೆದ ಮೇಲೆ ಅವಳಿಗೂ ತಡೆಯಲಾಗಲಿಲ್ಲ.

“ಅವ್ಳು ಹೋದಾಗ ನೀನಿನ್ನೂ ಹಾಲು ಬುಟ್ಟಿರ್ನಿಲ್ಲ. ಅಲ್ಲಿ ಅವ್ಳ್ಗೆ ಎದೆ ಕಟ್ಕಂಡು ಜ್ವರ ಬಂದ್ಬುಡ್ತು. ಹಾಲು ಬತ್ತೋಗ್ಲಿ ಅಂತ ಅವ್ಳ್ ಅತ್ತೆ ಮಲ್ಲಿಗೆ ಹೂವ ತಂದು ಎದೆಗೆ ಕಟ್ಟುದ್ಲಂತೆ. ಮೂರು ದಿವ್ಸ ಕಟ್ಟವ್ರೆ. ಅವತ್ತಿಂದ ಈವತ್ಗಂಟ ಅಕ್ಕ ಮಲ್ಲಿಗೆ ಮುಡುದಿಲ್ಲ. ನಿನ್ ಮದ್ವೇಲಿ ತಟ್ಟೆ ಹಿಡ್ಕಂಡು ಹೋದ್ರೂ ಬ್ಯಾಡ ಅಂದ್ಲಲ್ಲ, ನೀನು ನೋಡ್ನಿಲ್ವಾ?”

ನೋಡಿದ್ದೆ. ಎಲ್ಲರೂ ಹೂವಿನ ತಟ್ಟೆಗೆ ಕೈ ಚಾಚುತ್ತಿರುವಾಗ ಒಬ್ಬಳೇ ತಲೆಯಾಡಿಸಿದ್ದನ್ನು ಮಂಟಪದಿಂದಲೇ ನೋಡಿದ್ದೆ. ನಮ್ಮ ಮನೆಯ ಹೂವೂ ಬೇಡವಾಯಿತೇ ಇವಳಿಗೆ ಎಂದು ಹಲ್ಲು ಕಚ್ಚಿದ್ದೆ.

ಮೇಷ್ಟ್ರು ತಣ್ಣನೆಯ ಟೀ ತಂದು ಪಕ್ಕದಲ್ಲಿ ಕೂತರು. ನನ್ನ ಕಣ್ಣು ನೋಡಿ, ಜೇಬಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. ಆ ಬಂಡೆಯ ನೀರು ಹಾಕಿ ಮಾಡಿದ ಮಿಠಾಯಿ. ಆ ಮಗು ಬೆಳೆದದ್ದು ಇದನ್ನೇ ತಿಂದು ಎಂದು ಅಲ್ಲಿಯವರು ಹೇಳುತ್ತಾರಂತೆ.

“ಮನೆಗೋಗು” ಎಂದರು. “ಅವ್ಳ್ಗೆ ಕೊಡು.”

ಊರಿಗೆ ಬಂದ ಮೊದಲ ಭಾನುವಾರ ರಾಮನಗರದಲ್ಲಿ ಮಾಗಡಿ ಬಸ್ಸು ಹತ್ತಿದೆ. ಎರಡನೇ ಗಂಡ ತೀರಿಕೊಂಡು ಅವ್ವ ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ ಎಂದು ಚಿಕ್ಕವ್ವ ಹೇಳಿದ್ದಳು. ಮಲಮಕ್ಕಳು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಅವರಿಗೆ ಅವಳೇ ಅವ್ವ. ಅದನ್ನು ಕೇಳಿದಾಗ ನನ್ನೊಳಗೆ ಸಣ್ಣದೊಂದು ಹೊಟ್ಟೆಕಿಚ್ಚು ಎದ್ದದ್ದು ನಿಜ.

ಅವಳು ಬಾಗಿಲ ಬಳಿ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ನನ್ನ ನೆರಳು ಬಿದ್ದಾಗ ತಲೆಯೆತ್ತಿದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು.

“ಯಾರು?”

“ನಾನು. ಚನ್ನಪಟ್ಣದಿಂದ.”

ಮೊರ ಕೆಳಗಿಟ್ಟು ಎದ್ದುನಿಂತಳು. ಸೆರಗು ಸರಿಮಾಡಿಕೊಂಡಳು. “ಬನ್ನಿ. ಕೂತ್ಕಳಿ. ನೀರು ತರ್ತೀನಿ” ಎಂದು ಒಳಗೆ ಹೋದಳು.

ಹೆತ್ತವಳು ನನ್ನನ್ನು ಬನ್ನಿ ಎಂದಳು. ಯಾರ ಮೇಲೆ ಸಿಟ್ಟು ಮಾಡಲಿ? ಬರಬೇಡ ಎಂದವನನ್ನು ಇನ್ನು ಹೇಗೆ ಕರೆಯಬೇಕಾಗಿತ್ತು?

ಮಿಠಾಯಿಯ ಪೊಟ್ಟಣ ಕೊಟ್ಟೆ. ಮುಟ್ಟಿ ನೋಡಿ, “ಮಾತ್ರೇನಾ?” ಅಂದಳು. ಅಲ್ಲ ಎಂದು ಬಿಡಿಸಿ ಒಂದನ್ನು ಅವಳ ಅಂಗೈಗೆ ಹಾಕಿದೆ. ಅವಳು ಬಾಯಿಗೆ ಹಾಕಿಕೊಂಡಳು. ನಾನು ಸಮುದ್ರರಾಜನ ಮಗಳ ಕಥೆ ಹೇಳತೊಡಗಿದೆ. ಗರಿಯ ಗುಡಿಸಲು, ನೋಡಬೇಡವೆಂದರೂ ನೋಡಿದ ಗಂಡ, ದಡದ ಮೇಲಿನ ಕೂಸು, ಬಂಡೆ. ಅವಳು ಮಿಠಾಯಿಯನ್ನು ದವಡೆಗೆ ಸರಿಸಿಕೊಂಡು ಕೇಳುತ್ತಿದ್ದಳು.

“ಆ ಕೂಸು ಕುಡೀತಾ?” ಎಂದಳು.

“ಏನು?”

“ಕಲ್ಲಿಂದ ಬರದ್ನ. ಕುಡೀತಾ?”

“ಕುಡೀತಂತೆ. ಅದ್ರಲ್ಲೇ ಬೆಳೀತಂತೆ.”

ಅವಳು ಹೊರಗಿನ ಬಿಸಿಲಿನ ಕಡೆ ಮುಖ ತಿರುಗಿಸಿದಳು. ಆಮೇಲೆ, ಯಾರಿಗೋ ಹೇಳುವಂತೆ ಅಂದಳು. “ನೀನು ಮೂರು ದಿವ್ಸ ಏನೂ ಮುಟ್ನಿಲ್ವಂತೆ. ನಿಮ್ಮಜ್ಜಿ ಹಸಿನ್ ಹಾಲು ಕಾಯ್ಸಿ ಕೊಟ್ರೆ ಉಗುದ್ಬುಟ್ಯಂತೆ. ಬೆಲ್ಲದ ನೀರ್ಗೆ ಬಟ್ಟೆ ಅದ್ದಿ ಬಾಯ್ಗಿಟ್ರೂ ಬ್ಯಾಡ ಅಂದ್ಯಂತೆ. ನಾಕ್ನೇ ದಿನ ಒಸಿ ಅಂಬ್ಲಿ ಕುಡುದ ಕಣಕ್ಕ ಅಂತ ನಿಮ್ ಚಿಕ್ಕವ್ವ ಯಾರ್ದೋ ಕೈಲಿ ಹೇಳಿ ಕಳ್ಸುದ್ಲು. ಅಲ್ಲಿಗಂಟ ನಾನೂ ಉಣ್ಣಿಲ್ಲ.”

ನೀನು ಎಂದಿದ್ದಳು. ಅದು ಅವಳಿಗೆ ಗೊತ್ತಾಗಲಿಲ್ಲ. ನಾನೂ ತೋರಿಸಿಕೊಳ್ಳಲಿಲ್ಲ. ಹುರುಳಿಯ ಮೊರವನ್ನು ನನ್ನ ಕಡೆಗೆ ಎಳೆದುಕೊಂಡು ಕಲ್ಲು ಆರಿಸುತ್ತ ಕೂತೆ, ತಲೆ ಎತ್ತದೆ.

ಈಗ ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಕೆಲವೊಮ್ಮೆ ಅವಳು ಬಾಗಿಲಲ್ಲಿ ನನ್ನನ್ನು ಕಂಡೊಡನೆ ಮತ್ತೆ ಬನ್ನಿ ಎಂದುಬಿಡುತ್ತಾಳೆ, ಒಂದರ್ಧ ಗಂಟೆ ಕಳೆದ ಮೇಲೆ ನೀನು ಎಂಬುದು ಬಾಯಿಗೆ ಬರುತ್ತದೆ. ನನಗೂ ಬಸ್ಸಿನುದ್ದಕ್ಕೂ ಬಾಯಲ್ಲಿ ಮೆಲುಕು ಹಾಕಿದ ಅವ್ವ ಎಂಬ ಕರೆ ಹೊಸಿಲು ದಾಟುವಾಗ ಹೊರಗೆ ಬರುವುದಿಲ್ಲ. ಅವಳ ಪಕ್ಕದಲ್ಲೇ ಕೂತಿದ್ದರೂ, ಅವಳ ಕಂಕುಳಲ್ಲಿ ಕೂತು ಹಠ ಮಾಡಬೇಕಾಗಿದ್ದ ಆ ವರ್ಷಗಳಿಗಾಗಿ ಮನಸ್ಸು ಎಳೆಯುತ್ತಲೇ ಇರುತ್ತದೆ. ಚಿಕ್ಕವ್ವನನ್ನೂ ಒಮ್ಮೆ ಕರೆದುಕೊಂಡು ಹೋದೆ. ಅಕ್ಕ ತಂಗಿ ಇಬ್ಬರೂ ಮಧ್ಯಾಹ್ನವೆಲ್ಲ ಚಾಪೆಯ ಮೇಲೆ ಒಬ್ಬರ ಪಕ್ಕ ಒಬ್ಬರು ಮಲಗಿ ಪಿಸುಗುಟ್ಟುತ್ತಿದ್ದರು. ನಾನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು.

ಹೋದ ಭಾನುವಾರ ಅವ್ವ ಒಲೆ ಮುಂದೆ ಕೂತು ಕೇಳಿದಳು. “ನಿಂಗೆ ಸಾರ್ಗೆ ಹುಳಿ ಮುಂದಾಗಿರ್ಬೇಕಾ, ಖಾರ ಮುಂದಾಗಿರ್ಬೇಕಾ?”

“ಹುಳಿ” ಎಂದೆ.

“ಹಂಗಾ?” ಎಂದು ಹುಣಸೆಹಣ್ಣಿನ ಡಬ್ಬಿ ತೆರೆದು, ಇಷ್ಟು ಸಾಕಾ ಎಂಬಂತೆ ಅಂಗೈಯಲ್ಲಿಟ್ಟು ನನಗೆ ತೋರಿಸಿದಳು.